ಮಗುವಿನ ಸಿಟ್ಟಿಗೆ ಕಿವಿಗೊಡುವವರು ಯಾರು?

(ಎರಡು ಪುಸ್ತಕ, ಒಂದು ಚಲನಚಿತ್ರ: ಒಂದು ವಿಮರ್ಶೆ)

ಮುಂಬಯಿಯ ನಮ್ಮ ಸಂಘದ ವಾಚನಾಲಯದಲ್ಲಿ ಭಾನುವಾರ ಬೆಳಗಿನ ಹೊತ್ತು ಪುಸ್ತಕಗಳನ್ನು ಕೊಡುವ, ಮರಳಿ ಪಡೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದವನಿಗೆ ಇದಕ್ಕಿಂತ ಹಿತವಾದ ಕೆಲಸ ಬೇರೊಂದಿಲ್ಲ. ಕಳೆದ ತಿಂಗಳು ಧಾರವಾಡದ ಕಡೆಯ ಒಬ್ಬ ತಾಯಿ ಕಾದಂಬರಿಯೊಂದನ್ನು ಮರಳಿಸಿದವರು ಹೊರಡದೆ ಹಾಗೆಯೇ ನಿಂತರು. ಆಮೇಲೆ ಸಂಕೋಚದಿಂದ ಕೇಳಿದರು: "ಸರ, ನಮ್ಮ ಹುಡುಗ ಮೂರನೇ ಇಯತ್ತೆ. ಮನ್ಯಾಗ ಬಂಗಾರದಂಥಾ ಹುಡುಗ. ಸಾಲ್ಯಾಗ ಸಿಟ್ಟು ಬಂತಂದ್ರ ಪುಸ್ತಕ ಹರೀತಾನ, ಬಾಜೂ ಕೂತವನ್ನ ಹೊಡೀತಾನ. ಟೀಚರು ಎರಡು ಸಲ ನನ್ನ ಕರಿಸಿದ್ರು. ಇಂಥಾದ್ದಕ್ಕ ಏನರ ಪುಸ್ತಕ ಅದಾವೇನ್ರಿ?"

ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. "ಹುಡುಕಿ ಇಡುತ್ತೇನಮ್ಮ, ಮುಂದಿನ ವಾರ ಬನ್ನಿ" ಎಂದು ಕಳುಹಿಸಿದೆ. ಆ ವಾರ ಎರಡು ಪುಸ್ತಕಗಳನ್ನು ಮತ್ತೊಮ್ಮೆ ಓದಿದೆ. ಒಂದು ಚಲನಚಿತ್ರವನ್ನು ಮತ್ತೊಮ್ಮೆ ನೋಡಿದೆ. ಮೂರೂ ಹೆಸರಾದ ಕೃತಿಗಳೇ. ಮೊದಲನೆಯದು ಗುಜರಾತಿನ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'. ಎರಡನೆಯದು ಜಪಾನಿನ ತೆತ್ಸುಕೋ ಕುರೊಯಾನಾಗಿ ಅವರ 'ತೊತ್ತೋಚಾನ್'. ಮೂರನೆಯದು 2007ರಲ್ಲಿ ತೆರೆಕಂಡ 'ತಾರೇ ಜಮೀನ್ ಪರ್'. ಮೊದಲೆರಡು ಕನ್ನಡಕ್ಕೂ ಬಂದಿವೆ. ತರಗತಿಯಲ್ಲಿ ಕುಳಿತ ಎಳೆಯ ಮಗುವಿನ ಸಿಟ್ಟು, ಹೆದರಿಕೆ, ನಾಚಿಕೆ, ದುಃಖಗಳನ್ನು ದೊಡ್ಡವರಾದ ನಾವು ಹೇಗೆ ಕಾಣಬೇಕು, ಹೇಗೆ ನಿಭಾಯಿಸಬೇಕು ಎಂಬ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಮೂರನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಮಾತು. ಕಾಮ, ಕ್ರೋಧ ಮೊದಲಾದ ಆರನ್ನೂ ಶತ್ರುಗಳೆಂದು ಕರೆದು, ಅವನ್ನು ಗೆಲ್ಲಬೇಕೆಂದು ಹೇಳುತ್ತ ಬಂದವರು ನಾವು. ಪ್ರಾಯಕ್ಕೆ ಬಂದವನು ತನ್ನನ್ನು ತಾನು ತಿದ್ದಿಕೊಳ್ಳುವಾಗ ಈ ಮಾತು ಸರಿಯೇ. ಆದರೆ ಏಳೆಂಟು ವರ್ಷದ ಮಗುವಿನ ಮುಂದೆ ಅದನ್ನೇ ಪ್ರಯೋಗಿಸಿದರೆ ಅನ್ಯಾಯವಾಗುತ್ತದೆ. ದೊಡ್ಡವರಾದರೆ ತಮಗಾದ ನೋವನ್ನು ನಾಲ್ಕು ಮಾತುಗಳಲ್ಲಿ ಹೇಳಬಲ್ಲರು. ಮಗುವಿಗೆ ಆ ನಾಲ್ಕು ಮಾತುಗಳು ಇನ್ನೂ ಸಿಕ್ಕಿರುವುದಿಲ್ಲ. ಸಿಕ್ಕದ ಮಾತೇ ಕೈಗೆ ಬಂದು ಹೊಡೆತವಾಗುತ್ತದೆ, ಹಲ್ಲಿಗೆ ಬಂದು ಕಡಿತವಾಗುತ್ತದೆ, ಹೊಟ್ಟೆಗೆ ಬಂದು ಸೋಮವಾರ ಬೆಳಗಿನ ಹೊಟ್ಟೆನೋವಾಗುತ್ತದೆ. ಮಗುವಿನ ಸಿಟ್ಟು ಶತ್ರುವಲ್ಲ, ದೂರು. ದೂರನ್ನು ಓದದೆ ಹರಿದು ಹಾಕುವ ಅಧಿಕಾರಿಯನ್ನು ನಾವು ಒಳ್ಳೆಯವನೆನ್ನುತ್ತೇವೆಯೆ?

ಈಗ 'ದಿವಾಸ್ವಪ್ನ'ಕ್ಕೆ ಬರೋಣ. ಗಿಜುಭಾಯಿ (1885–1939) ಮೊದಲು ವಕೀಲರಾಗಿದ್ದವರು. ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಗುಜರಾತಿನ ಜನ ಅವರನ್ನು 'ಮೀಸೆಯುಳ್ಳ ತಾಯಿ' ಎಂದು ಪ್ರೀತಿಯಿಂದ ಕರೆದರು. 'ದಿವಾಸ್ವಪ್ನ' ಒಂದು ಕಲ್ಪಿತ ಪ್ರಯೋಗದ ಕಥೆ. ಒಬ್ಬ ಉತ್ಸಾಹಿ ಉಪಾಧ್ಯಾಯ ವಿದ್ಯಾಧಿಕಾರಿಯ ಅನುಮತಿ ಪಡೆದು ನಾಲ್ಕನೆಯ ತರಗತಿಯೊಂದನ್ನು ಒಂದು ವರ್ಷದ ಮಟ್ಟಿಗೆ ವಹಿಸಿಕೊಳ್ಳುತ್ತಾನೆ.

ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದರ ಮೊದಲ ದಿನದ ಸೋಲು. ಮಕ್ಕಳ ಮನಸ್ಸನ್ನು ಮೊದಲು ಶಾಂತಗೊಳಿಸಬೇಕೆಂದು ಈ ಉಪಾಧ್ಯಾಯ ಮೌನದ ಆಟವೊಂದನ್ನು ಸಿದ್ಧಪಡಿಸಿಕೊಂಡು ಬಂದಿರುತ್ತಾನೆ. ಸದ್ದಿಲ್ಲದೆ ಕುಳಿತು ಸುತ್ತಲಿನ ಸಣ್ಣ ಸದ್ದುಗಳನ್ನು ಆಲಿಸಬೇಕು ಎನ್ನುವುದು ಯೋಜನೆ. ಮಕ್ಕಳೋ ಗಲಾಟೆ ಎಬ್ಬಿಸಿ ಅವನ ಆಟವನ್ನು ಕೆಡಿಸಿಬಿಡುತ್ತಾರೆ. ಅವನು ಬೆತ್ತ ಹಿಡಿಯುವುದಿಲ್ಲ. ಆ ದಿನಕ್ಕೆ ಮಕ್ಕಳನ್ನು ಮನೆಗೆ ಕಳುಹಿಸಿ, ತಪ್ಪು ತನ್ನ ಯೋಜನೆಯದು ಎಂದು ಒಪ್ಪಿಕೊಳ್ಳುತ್ತಾನೆ. ಮರುದಿನ ಕಥೆ ಹೇಳಲು ಕುಳಿತಾಗ ಅದೇ ಗಲಾಟೆಯ ಹುಡುಗರು ಸದ್ದಿಲ್ಲದೆ ಅವನ ಸುತ್ತ ಸೇರುತ್ತಾರೆ.

ಈ ಪ್ರಸಂಗವನ್ನು ಇಂದಿನವರೂ ಗಮನಿಸಬೇಕು. 2018ರ ಜುಲೈ ತಿಂಗಳಲ್ಲಿ ದಿಲ್ಲಿಯ ಸರ್ಕಾರಿ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೆಯ ತರಗತಿಯವರೆಗೆ 'ಹ್ಯಾಪಿನೆಸ್' ಎಂಬ ದಿನದ ಪಿರಿಯಡ್ ಆರಂಭವಾದಾಗ, ಅದರಲ್ಲಿಯೂ ಮೌನವಾಗಿ ಕುಳಿತು ಉಸಿರನ್ನು ಗಮನಿಸುವ ಅಭ್ಯಾಸ, ಕಥೆ, ಚಟುವಟಿಕೆ ಇವೇ ಮುಖ್ಯವಾಗಿದ್ದವು. ಪರೀಕ್ಷೆ ಇರಲಿಲ್ಲ. ಮಗುವಿನ ಮನಸ್ಸಿಗೂ ವೇಳಾಪಟ್ಟಿಯಲ್ಲಿ ಒಂದು ಜಾಗ ಬೇಕೆಂದು ಒಪ್ಪಿದ್ದೇ ದೊಡ್ಡ ಸಂಗತಿ. ಆದರೆ ಗಿಜುಭಾಯಿಯವರ ಎಚ್ಚರಿಕೆ ಇಂಥ ಎಲ್ಲ ಪ್ರಯತ್ನಗಳಿಗೂ ಅನ್ವಯಿಸುತ್ತದೆ. ಇನ್ನೂ ವಿಶ್ವಾಸ ಹುಟ್ಟದ ತರಗತಿಯಲ್ಲಿ "ಕಣ್ಣು ಮುಚ್ಚಿ ಶಾಂತವಾಗಿರಿ" ಎಂದರೆ, ಅದು "ಬಾಯಿ ಮುಚ್ಚಿ" ಎಂಬ ಹಳೆಯ ಆಜ್ಞೆಯಂತೆಯೇ ಮಕ್ಕಳ ಕಿವಿಗೆ ಬೀಳುತ್ತದೆ. ವಿಶ್ವಾಸ ಮೊದಲು, ಶಾಂತಿ ಆಮೇಲೆ.

ಇಷ್ಟಾದರೂ 'ದಿವಾಸ್ವಪ್ನ' ಆ ತಾಯಿಯ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದಿಲ್ಲ. ಕಥೆ, ಆಟ, ನಾಟಕ, ತಿರುಗಾಟಗಳಿಂದ ಇಡೀ ತರಗತಿಯ ಹವೆ ಹೇಗೆ ಬದಲಾಗುತ್ತದೆಂಬುದನ್ನು ಅದು ಸೊಗಸಾಗಿ ತೋರಿಸುತ್ತದೆ. ಆದರೆ ಅದರ ನಾಯಕ ಎಂದರೆ ಉಪಾಧ್ಯಾಯ, ಅವನ ಹೋರಾಟ ಎಂದರೆ ಮೇಲಧಿಕಾರಿಗಳ ಮತ್ತು ಸಹೋದ್ಯೋಗಿಗಳ ಅನುಮಾನದ ಜೊತೆ. ತರಗತಿ ಒಂದು ಗುಂಪಾಗಿ ನಮ್ಮ ಕಣ್ಣಿಗೆ ಬೀಳುತ್ತದೆಯೇ ಹೊರತು, ಮೂಲೆಯಲ್ಲಿ ಕುಳಿತು ಪುಸ್ತಕ ಹರಿಯುವ ಒಬ್ಬ ಹುಡುಗನ ಒಳಗೇನಾಗುತ್ತಿದೆ ಎಂಬುದು ಅಷ್ಟಾಗಿ ಕಾಣುವುದಿಲ್ಲ. ಹವೆ ಚೆನ್ನಾದರೆ ಹಲವು ಗಿಡಗಳು ತಾವಾಗಿ ಚಿಗುರುತ್ತವೆ, ನಿಜ. ಆದರೆ ಬೇರಿಗೇ ಹುಳು ಹಿಡಿದ ಗಿಡವನ್ನು ಬಗ್ಗಿ ನೋಡಲೇಬೇಕಾಗುತ್ತದೆ.

ಹಾಗೆ ಬಗ್ಗಿ ನೋಡುವ ಪುಸ್ತಕ 'ತೊತ್ತೋಚಾನ್'. ಇದು 1981ರಲ್ಲಿ ಜಪಾನಿನಲ್ಲಿ ಪ್ರಕಟವಾಯಿತು. ಲೇಖಕಿ ಅಲ್ಲಿನ ಹೆಸರಾಂತ ದೂರದರ್ಶನ ಕಲಾವಿದೆ; ತಮ್ಮ ಬಾಲ್ಯವನ್ನೇ ಬರೆದಿದ್ದಾರೆ. ಒಂದನೆಯ ತರಗತಿಯ ಈ ಹುಡುಗಿ ಡೆಸ್ಕಿನ ಮುಚ್ಚಳವನ್ನು ನೂರು ಸಲ ತೆಗೆದು ಮುಚ್ಚುತ್ತಾಳೆ. ಪಾಠದ ನಡುವೆ ಕಿಟಕಿಯ ಬಳಿ ನಿಂತು ಬೀದಿಯ ವಾದ್ಯಗಾರರನ್ನು ಕರೆಯುತ್ತಾಳೆ. ಶಾಲೆಯವರು ಅವಳನ್ನು ಹೊರಗೆ ಹಾಕುತ್ತಾರೆ. ತಾಯಿ ಈ ಸಂಗತಿಯನ್ನು ಮಗಳಿಗೆ ತಿಳಿಸುವುದಿಲ್ಲ, ಅವಳಿಗೆ ಇಪ್ಪತ್ತು ದಾಟುವವರೆಗೂ! "ಬೇರೆ ಶಾಲೆ ನೋಡೋಣ" ಎಂದಷ್ಟೇ ಹೇಳಿ ತೊಮೋಯೆ ಎಂಬ ಶಾಲೆಗೆ ಕರೆದೊಯ್ಯುತ್ತಾಳೆ. ತೋಕಿಯೋದ ಜಿಯುಗಾವೋಕಾದಲ್ಲಿ ಸೊಸಾಕು ಕೊಬಾಯಾಶಿ ಎಂಬವರು 1937ರಲ್ಲಿ ಸ್ಥಾಪಿಸಿದ ಈ ಶಾಲೆಯಲ್ಲಿ ಹಳೆಯ ರೈಲು ಡಬ್ಬಿಗಳೇ ತರಗತಿಗಳು. ಇಡೀ ಶಾಲೆಗೆ ಸುಮಾರು ಐವತ್ತು ಮಕ್ಕಳು.

ಅಲ್ಲಿ ಮೊದಲ ದಿನ ನಡೆಯುವುದೇನು? ಮುಖ್ಯೋಪಾಧ್ಯಾಯರು ತಾಯಿಯನ್ನು ಮನೆಗೆ ಕಳುಹಿಸಿ, ಕುರ್ಚಿಯನ್ನು ಹುಡುಗಿಯ ಹತ್ತಿರಕ್ಕೆ ಎಳೆದುಕೊಂಡು, ನಿನಗೇನು ಅನ್ನಿಸುತ್ತದೋ ಎಲ್ಲ ಹೇಳು ಎನ್ನುತ್ತಾರೆ. ಅವಳು ನಾಲ್ಕು ಗಂಟೆ ಮಾತಾಡುತ್ತಾಳೆ; ಅವರು ನಾಲ್ಕು ಗಂಟೆ ಕೇಳುತ್ತಾರೆ. ಆಕಳಿಸುವುದಿಲ್ಲ, ಗಡಿಯಾರ ನೋಡುವುದಿಲ್ಲ, ನಡುವೆ ಬುದ್ಧಿ ಹೇಳುವುದಿಲ್ಲ. ನನ್ನ ಸೇವಾವಧಿಯಲ್ಲಿ ನಾನು ಒಂದು ಮಗುವಿನ ಮಾತನ್ನು ಒಂದೇ ಬಾರಿಗೆ ಹತ್ತು ನಿಮಿಷ ಕೇಳಿದ್ದು ನೆನಪಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಇನ್ನೊಂದು ಪ್ರಸಂಗ ನೋಡಿ. ಅವಳ ಪ್ರೀತಿಯ ಹಣದ ಚೀಲ ಕಕ್ಕಸಿನ ಗುಂಡಿಗೆ ಬೀಳುತ್ತದೆ. ಉದ್ದ ಹಿಡಿಯ ಸೌಟು ತಂದು ಗುಂಡಿಯಲ್ಲಿದ್ದುದನ್ನೆಲ್ಲ ಎತ್ತಿ ಹೊರಗೆ ರಾಶಿ ಹಾಕುತ್ತಾಳೆ. ಅಲ್ಲಿಗೆ ಬಂದ ಮುಖ್ಯೋಪಾಧ್ಯಾಯರು ಬೈಯುವುದಿಲ್ಲ, ಸಹಾಯಕ್ಕೂ ನಿಲ್ಲುವುದಿಲ್ಲ. ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಒಳಗೆ ಹಾಕುವೆಯಷ್ಟೆ ಎಂದು ಕೇಳಿ ಹೋಗುತ್ತಾರೆ. ಚೀಲ ಸಿಕ್ಕುವುದಿಲ್ಲ. ಆದರೆ ಮಗು ಸಾಕಷ್ಟು ಹುಡುಕಿದೆನೆಂಬ ಸಮಾಧಾನದಿಂದ ತಾನೇ ಎಲ್ಲವನ್ನೂ ಗುಂಡಿಗೆ ತುಂಬುತ್ತಾಳೆ. ಕಳೆದುಕೊಂಡ ದುಃಖಕ್ಕೆ ಕೈತುಂಬ ಕೆಲಸ ಸಿಕ್ಕಿತು. ಮಾಡಿದ ಗಲೀಜಿಗೆ ಹೊಣೆಯೂ ಸಿಕ್ಕಿತು. ಭಾವನೆಗೆ ಪೂರ್ತಿ ಅವಕಾಶ, ಕೃತಿಗೆ ಪೂರ್ತಿ ಹೊಣೆ. ಶಿಕ್ಷಣಶಾಸ್ತ್ರದ ದೊಡ್ಡ ಗ್ರಂಥಗಳು ಹೇಳುವುದನ್ನು ಈ ಸೌಟು ಹೇಳಿಬಿಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ತಾಕಾಹಾಶಿ ಎಂಬ ಹುಡುಗನ ಪ್ರಸಂಗ. ಅವನ ಮೈ ಬೆಳೆಯುವುದು ನಿಂತಿದೆ, ಕೈಕಾಲು ಗಿಡ್ಡ. ಮನುಷ್ಯನಿಗೆ ಹಿಂದೆ ಬಾಲವಿತ್ತೆಂಬ ಪಾಠ ಮಾಡುವಾಗ ತರಗತಿಯ ಅಧ್ಯಾಪಕಿ ತಮಾಷೆಗೆಂದು, ನಿನಗೆ ಇನ್ನೂ ಬಾಲವಿದೆಯೆ ಎಂದು ಅವನನ್ನೇ ಕೇಳಿಬಿಡುತ್ತಾಳೆ. ಮುಖ್ಯೋಪಾಧ್ಯಾಯರು ಆಕೆಯನ್ನು ಎಲ್ಲರ ಮುಂದೆ ಬೈಯುವುದಿಲ್ಲ. ಅಡಿಗೆಮನೆಗೆ ಕರೆದು, ಆ ಮಾತು ಆ ಹುಡುಗನಿಗೆ ಏನು ಮಾಡಿತೆಂಬುದನ್ನು ಕಟುವಾಗಿಯೇ ತಿಳಿಸುತ್ತಾರೆ. ಆಕೆ ಅಳುತ್ತಾಳೆ. ತೊತ್ತೋಚಾನ್ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. ಮಕ್ಕಳ ಭಾವನೆಗಳ ಬಗ್ಗೆ ಬರುವ ಅನೇಕ ಪುಸ್ತಕಗಳು ಮಗುವನ್ನು ತಿದ್ದುವುದು ಹೇಗೆಂದು ಹೇಳುತ್ತವೆ. ದೊಡ್ಡವರ ನಾಲಗೆಯನ್ನು ತಿದ್ದುವುದು ಹೇಗೆಂದು ಹೇಳುವುದಿಲ್ಲ. ತರಗತಿಯ ಎಷ್ಟೋ ಸಿಟ್ಟು, ನಾಚಿಕೆಗಳು ಉಪಾಧ್ಯಾಯರ ಒಂದು ಹಗುರ ಮಾತಿನಿಂದ ಹುಟ್ಟುತ್ತವೆಂಬ ಸತ್ಯವನ್ನು ಈ ಪುಸ್ತಕ ಮುಚ್ಚಿಡುವುದಿಲ್ಲ.

ನಮ್ಮಂಥ ಹೊರನಾಡಿನ ಕನ್ನಡಿಗರು ಎರಡು ಸಲ ಓದಬೇಕಾದ ಭಾಗ ಮಾಸಾವೋ ಎಂಬ ಹುಡುಗನದು. ಇವನು ಶಾಲೆಯ ದಾರಿಯಲ್ಲಿ ವಾಸಿಸುವ ಕೊರಿಯಾದ ಕುಟುಂಬದವನು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಹೊಟ್ಟೆಪಾಡಿಗೆ ಬಂದ ಅಲ್ಲಿನ ಜನರನ್ನು ಜಪಾನೀಯರು ಕೀಳಾಗಿ ಕಾಣುತ್ತಿದ್ದರು. ಒಂದು ದಿನ ಈ ಹುಡುಗ ತೊತ್ತೋಚಾನಳನ್ನು ಕಂಡು ದ್ವೇಷದಿಂದ "ಕೊರಿಯಾದವಳೇ!" ಎಂದು ಕೂಗುತ್ತಾನೆ. ಅವಳು ಜಪಾನಿನವಳು, ಅವಳಿಗೆ ಅರ್ಥವಾಗುವುದಿಲ್ಲ. ಮನೆಗೆ ಬಂದು ತಾಯಿಗೆ ಹೇಳಿದಾಗ ತಾಯಿಯ ಕಣ್ಣು ತುಂಬುತ್ತದೆ. ಆ ಹುಡುಗನನ್ನು ಎಲ್ಲರೂ ಹಾಗೆ ಕೂಗಿ ಕೂಗಿ, ಅದೊಂದು ಬೈಗುಳವೆಂದೇ ಅವನು ತಿಳಿದುಕೊಂಡಿದ್ದಾನೆ. ಯಾರನ್ನಾದರೂ ಬೈಯಬೇಕೆನಿಸಿದಾಗ ತನ್ನ ಜನದ ಹೆಸರನ್ನೇ ಬೈಗುಳವಾಗಿ ಎಸೆಯುತ್ತಾನೆ.

ಇದನ್ನು ಓದುವಾಗ ಯಾವ ಹೊರನಾಡ ಕನ್ನಡಿಗನಿಗೆ ತನ್ನ ಬಾಲ್ಯವೋ ತನ್ನ ಮಕ್ಕಳ ಬಾಲ್ಯವೋ ನೆನಪಾಗುವುದಿಲ್ಲ? ಬೆಳಗಾವಿಯಿಂದ ಬಂದಿರಲಿ, ಮಂಗಳೂರಿನಿಂದ ಬಂದಿರಲಿ, ಇಲ್ಲಿ "ಮದ್ರಾಸಿ" ಅನ್ನಿಸಿಕೊಂಡವರು ನಾವು. ನಮಗೆ ಅದು ಈಗ ನಗುವ ಸಂಗತಿ. ಎಂಟು ವರ್ಷದ ಮಗುವಿಗೆ ಅದು ನಗುವ ಸಂಗತಿಯಲ್ಲ.

ಆದರೆ ತಪ್ಪು ಹೊರಗಿನವರದೊಂದೇ ಎಂದು ಕೈತೊಳೆದುಕೊಳ್ಳುವುದು ಸುಲಭ. ನನ್ನದೇ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ನಾನು ಪಾಠ ಹೇಳುತ್ತಿದ್ದ ಕನ್ನಡ ಶಾಲೆಗೆ ಒಂದು ವರ್ಷ ರಾಯಚೂರಿನ ಕಡೆಯ ಹುಡುಗನೊಬ್ಬ ಬಂದ. ತಂದೆ ಕಟ್ಟಡದ ಕೆಲಸಕ್ಕೆ ಬಂದವನು. ತರಗತಿಯಲ್ಲಿ ಹೆಚ್ಚಿನವರು ಕರಾವಳಿಯ ಮಕ್ಕಳು. ಎರಡು ತಿಂಗಳಲ್ಲಿ ಆ ಹುಡುಗ ಕಂಪಾಸು ಪೆಟ್ಟಿಗೆಯಿಂದ ಒಬ್ಬನ ಹಣೆಗೆ ಹೊಡೆದ. ನಾನು ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಕ್ಷಮೆ ಕೇಳೆಂದೆ. ಕೇಳಲಿಲ್ಲ. ಮೂರು ದಿನ ನಿಲ್ಲಿಸಿದೆ. ನಾಲ್ಕನೆಯ ದಿನ ಶಾಲೆಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಬಹಳ ದಿನಗಳ ಬಳಿಕ ಇನ್ನೊಬ್ಬ ಹುಡುಗ ಹೇಳಿದ: ಇವನು ಬಾಯಿ ತೆರೆದರೆ ಸಾಕು, ಉಳಿದವರು ಅವನ "ಹ್ಯಾಂಗ", "ಯಾಕಲೇ"ಗಳನ್ನು ಅಣಕಿಸಿ ನಗುತ್ತಿದ್ದರಂತೆ. "ನೀವೂ ಒಮ್ಮೆ ನಕ್ಕಿದ್ದಿರಿ ಸರ್" ಎಂದ. ನನಗೆ ನೆನಪಿರಲಿಲ್ಲ. ನಗು ನನಗೆ ಅಷ್ಟು ಹಗುರವಾಗಿತ್ತು.

ಕನ್ನಡದ ಮಕ್ಕಳೇ ಕನ್ನಡದ ಮಗುವಿನ ಕನ್ನಡವನ್ನು ಅಣಕಿಸಿದ ಕಥೆ ಇದು. ಅಡಿಗೆಮನೆಗೆ ಕರೆದು ನನಗೆ ಬುದ್ಧಿ ಹೇಳುವ ಕೊಬಾಯಾಶಿ ಅಲ್ಲಿರಲಿಲ್ಲ. ಇದ್ದಿದ್ದರೆ ಆ ಹುಡುಗ ಶಾಲೆಯಲ್ಲಿ ಉಳಿಯುತ್ತಿದ್ದನೋ ಏನೋ.

'ತೊತ್ತೋಚಾನ್' ಬಗ್ಗೆ ಇಷ್ಟು ಹೊಗಳಿದ ಮೇಲೆ ಒಂದೆರಡು ಆಕ್ಷೇಪಗಳನ್ನೂ ಹೇಳುವುದು ವಿಮರ್ಶಕನ ಕರ್ತವ್ಯ. ಮೊದಲನೆಯದಾಗಿ, ಅವಳನ್ನು ಹೊರಹಾಕಿದ ಮೊದಲ ಶಾಲೆಯ ಅಧ್ಯಾಪಕಿಗೆ ಈ ಪುಸ್ತಕದಲ್ಲಿ ನ್ಯಾಯ ಸಿಕ್ಕಿಲ್ಲ. ಆಕೆ ದೂರು ಹೇಳುವವಳಾಗಿ ಮಾತ್ರ ಬರುತ್ತಾಳೆ. ತುಂಬಿದ ತರಗತಿಯಲ್ಲಿ ಒಂದು ಮಗು ದಿನವಿಡೀ ಡೆಸ್ಕು ಬಡಿದರೆ, ಉಳಿದ ಮಕ್ಕಳ ಪಾಠದ ಗತಿಯೇನು? ಆಕೆಯ ದಣಿವಿಗೂ ಒಂದು ಮನಸ್ಸಿತ್ತಲ್ಲವೆ? ಇಡೀ ಶಾಲೆಗೆ ಐವತ್ತು ಮಕ್ಕಳಿರುವಲ್ಲಿ ನಾಲ್ಕು ಗಂಟೆ ಕೇಳಬಹುದು. ಒಂದೇ ಕೋಣೆಯಲ್ಲಿ ಐವತ್ತು ಮಕ್ಕಳಿರುವಲ್ಲಿ ನಾಲ್ಕು ನಿಮಿಷ ಹುಡುಕುವುದೂ ಕಷ್ಟ. ಎರಡನೆಯದಾಗಿ, ಇದು ಗೆದ್ದು ಬೆಳೆದವರ ನೆನಪು. ಕೃತಜ್ಞತೆಯ ಬೆಳಕಿನಲ್ಲಿ ತೊಮೋಯೆಯ ನೆರಳುಗಳು ಕಾಣದೆ ಹೋಗಿರಬಹುದು.

ಆದರೂ ಒಂದು ವಿಷಯದಲ್ಲಿ ಈ ಪುಸ್ತಕ ಪ್ರಾಮಾಣಿಕ. ದುಃಖವನ್ನು ಅದು ಸಿಹಿ ಮಾಡುವುದಿಲ್ಲ. ಪೋಲಿಯೋ ಆದ ಯಾಸುವಾಕಿ ಎಂಬ ಗೆಳೆಯನನ್ನು ಅವಳು ಏಣಿ ಹಾಕಿ ಕಷ್ಟಪಟ್ಟು ಮರ ಹತ್ತಿಸುತ್ತಾಳೆ. ಅದೇ ಗೆಳೆಯ ಮುಂದೆ ತೀರಿಕೊಳ್ಳುತ್ತಾನೆ. ಯಾರೂ ಬಂದು ನೀತಿ ಹೇಳುವುದಿಲ್ಲ. 1945ರಲ್ಲಿ ಬಾಂಬಿನ ದಾಳಿಗೆ ಶಾಲೆಯೇ ಸುಟ್ಟುಹೋಗುತ್ತದೆ. ಉರಿಯುವ ಶಾಲೆಯನ್ನು ನೋಡುತ್ತ ಕೊಬಾಯಾಶಿ, ಮುಂದೆ ಎಂಥ ಶಾಲೆ ಕಟ್ಟೋಣ ಎಂದು ಮಗನನ್ನು ಕೇಳುತ್ತಾರೆ. ಅಂಥದೊಂದು ಶಾಲೆಯನ್ನು ಮತ್ತೆ ಕಟ್ಟುವ ಮೊದಲೇ, 1963ರಲ್ಲಿ, ಅವರು ತೀರಿಕೊಂಡರು. ನೋವು ನೋವಾಗಿಯೇ ಉಳಿಯುತ್ತದೆ. ಜೊತೆಗೆ ನಿಂತವರ ನೆನಪೂ ಉಳಿಯುತ್ತದೆ.

ಇಲ್ಲಿಯೇ 'ತಾರೇ ಜಮೀನ್ ಪರ್' ಹಿಂದೆ ಬೀಳುತ್ತದೆ. ಅಮೋಲ್ ಗುಪ್ತೆ ಬರೆದು, ಆಮೀರ್ ಖಾನ್ ನಿರ್ದೇಶಿಸಿದ ಈ ಚಿತ್ರದ ಈಶಾನ್ ನಮ್ಮ ಮುಂಬಯಿಯ ಹುಡುಗ. ಅಕ್ಷರಗಳು ಅವನ ಕಣ್ಣಿಗೆ ಕುಣಿಯುತ್ತವೆ, ಓದಲಾಗುವುದಿಲ್ಲ. ಓದಲಾಗದ ನಾಚಿಕೆಯನ್ನು ಮುಚ್ಚಿಕೊಳ್ಳಲು ತುಂಟತನ, ಜಗಳ, ಶಾಲೆ ತಪ್ಪಿಸುವುದು. ತರಗತಿಯಲ್ಲಿ ಮೊದಲಿಗನಾದ ಅಣ್ಣನ ಜೊತೆ ನಿತ್ಯದ ಹೋಲಿಕೆ. ಕೊನೆಗೆ ದೂರದ ವಸತಿ ಶಾಲೆ. ಅಲ್ಲಿ ಅವನು ಚಿತ್ರ ಬಿಡಿಸುವುದನ್ನೇ ನಿಲ್ಲಿಸಿಬಿಡುತ್ತಾನೆ. ಗಲಾಟೆ ಮಾಡುವ ಮಗುವಿಗಿಂತ ಗಲಾಟೆ ನಿಲ್ಲಿಸಿದ ಮಗುವಿನ ಬಗ್ಗೆ ಹೆಚ್ಚು ಚಿಂತಿಸಬೇಕೆಂಬುದನ್ನು ಈ ಚಿತ್ರ ಚೆನ್ನಾಗಿ ಮನವರಿಕೆ ಮಾಡುತ್ತದೆ. ಸೋಮಾರಿ, ಉಡಾಳ ಎಂಬ ಹಣೆಪಟ್ಟಿಯ ಕೆಳಗೆ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಅಡಗಿರಬಹುದೆಂದು ಸಾಮಾನ್ಯ ಕುಟುಂಬಗಳಿಗೆ ತಿಳಿಸಿದ ಶ್ರೇಯಸ್ಸೂ ಅದಕ್ಕೆ ಸಲ್ಲಬೇಕು. 2016ರ ಅಂಗವಿಕಲರ ಹಕ್ಕುಗಳ ಕಾನೂನು ಇಂಥ ತೊಂದರೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ.

ಆದರೆ ಮುಕ್ತಾಯ? ಚಿತ್ರಕಲೆಯ ಸ್ಪರ್ಧೆ, ಈಶಾನ್‌ಗೆ ಬಹುಮಾನ, ಅವನ ಚಿತ್ರ ಶಾಲೆಯ ಪುಸ್ತಕದ ಮುಖಪುಟಕ್ಕೆ, ಎಲ್ಲರ ಚಪ್ಪಾಳೆ, ತಂದೆತಾಯಿಯ ಕಣ್ಣೀರು. ನಾವೂ ಅತ್ತೆವು, ಸುಳ್ಳೇಕೆ? ಆದರೆ ಮನೆಗೆ ಬಂದು ಯೋಚಿಸಬೇಕು. ಈಶಾನ್ ಸ್ಪರ್ಧೆಯಲ್ಲಿ ಸೋತಿದ್ದರೆ? ಅವನಿಗೆ ಯಾವ ವಿಶೇಷ ಪ್ರತಿಭೆಯೂ ಇಲ್ಲದಿದ್ದರೆ? ಆಗಲೂ ಅವನ ಅಳುವನ್ನು ಕೇಳಬೇಕಿತ್ತಲ್ಲವೆ? ಅಂಕಗಳ ಓಟದಿಂದ ಮಗುವನ್ನು ಬಿಡಿಸಲು ಹೊರಟ ಚಿತ್ರ, ಅವನನ್ನು ಇನ್ನೊಂದು ಓಟದಲ್ಲಿ ಗೆಲ್ಲಿಸಿ ನಮ್ಮನ್ನು ಸಮಾಧಾನಪಡಿಸುತ್ತದೆ. ಮಗುವಿನ ನೋವಿಗೆ ಬೆಲೆ ಬರಬೇಕಾದರೆ ಅದು ಬಹುಮಾನ ತರಬೇಕೆಂಬ ಹಳೆಯ ನಂಬಿಕೆ ಹಿಂಬಾಗಿಲಿನಿಂದ ಒಳಗೆ ಬಂದಿದೆ. ತೊತ್ತೋಚಾನಳ ಚೀಲ ಸಿಕ್ಕಲೇ ಇಲ್ಲ ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ ಎರಡು ಕೃತಿಗಳ ಅಂತರ ತಿಳಿಯುತ್ತದೆ.

ಗುಜರಾತು, ಜಪಾನು, ಹಿಂದಿ ಚಿತ್ರರಂಗ ಎಂದು ಊರೂರು ಸುತ್ತಿದ ಮೇಲೆ ನಮ್ಮ ಮನೆಯ ಕಪಾಟನ್ನೂ ತೆರೆಯಬೇಕಷ್ಟೆ. ಜಿ. ಪಿ. ರಾಜರತ್ನಂ ಅವರ 'ತುತ್ತೂರಿ'ಯನ್ನು ಹಾಡದ ಕನ್ನಡ ತಾಯಿ ಮುಂಬಯಿಯಲ್ಲಿಯೂ ಇರಲಾರಳು. ಲಯ, ಪದಗಳ ಕುಣಿತ ಇವುಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ಕಸ್ತೂರಿಯನ್ನು ಒಮ್ಮೆ ಮಗುವಿನ ಕಡೆಯಿಂದ ನೋಡಿ. ಹೊಸ ಆಟಿಕೆ ಬಂದ ಸಂಭ್ರಮದಲ್ಲಿ ಸ್ವಲ್ಪ ಜಂಬಪಟ್ಟ, ತುತ್ತೂರಿ ನೀರಿಗೆ ಜಾರಿ ಬಿದ್ದು ಸ್ವರ ಕಳೆದುಕೊಂಡಿತು. ಹಾಡು ಅವನ ದುಃಖವನ್ನು ಜಂಬಕ್ಕೆ ತಕ್ಕ ಶಿಕ್ಷೆಯಾಗಿ ಮಾಡಿ, ನಗುತ್ತ ಮುಗಿಯುತ್ತದೆ. ನಾವು ತಲೆಮಾರುಗಳಿಂದ ಹಾಗೆ ನಗುತ್ತಲೇ ಬಂದಿದ್ದೇವೆ. ಹಾಡನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹಾಡಿದ ಮೇಲೆ, "ಪಾಪ, ಕಸ್ತೂರಿಗೆ ಆಗ ಹೇಗನ್ನಿಸಿರಬಹುದು?" ಎಂದು ಮಗುವನ್ನು ಒಂದು ಸಲ ಕೇಳಿ ನೋಡಿ. ಬರುವ ಉತ್ತರ ಕಸ್ತೂರಿಯ ಬಗ್ಗೆ ಮಾತ್ರ ಆಗಿರುವುದಿಲ್ಲ.

ಇದಕ್ಕೆ ಎದುರಾಗಿ ನಮ್ಮದೇ 'ಗೋವಿನ ಹಾಡು' ಇದೆ. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವ ಭಾಗ ಬಂದಾಗ ತರಗತಿಯಲ್ಲಿ ಮೌನ ಕವಿಯುವುದನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ. ಗಟ್ಟಿ ಹುಡುಗರೂ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಮ್ಮನನ್ನು ಊರಿನಲ್ಲಿ ಬಿಟ್ಟು ತಂದೆಯ ಜೊತೆ ಇಲ್ಲಿರುವ ಮಕ್ಕಳೂ ಅವರಲ್ಲಿದ್ದರು. ತನ್ನ ದುಃಖವೆಂದು ಹೇಳಿಕೊಳ್ಳದೆಯೇ ಎಲ್ಲರ ಜೊತೆ ಅಳಬಹುದಾದ ಅವಕಾಶವನ್ನು ಆ ಹಾಡು ಕೊಡುತ್ತಿತ್ತು. ಗಿಜುಭಾಯಿ ಕಥೆಯಿಂದ ಮಾಡಿದ್ದೂ ಇದನ್ನೇ. ಸತ್ಯವಾಕ್ಯದ ನೀತಿಯನ್ನು ಬೋಧಿಸುವ ಅವಸರದಲ್ಲಿ ನಾವು ಆ ಮೌನವನ್ನು ಬೇಗ ಮುರಿಯದಿದ್ದರೆ ಸಾಕು.

ಹಾಗಾದರೆ ಒಟ್ಟಿನಲ್ಲಿ ಏನು ಹೇಳಬಹುದು? ಮೂರೂ ಕೃತಿಗಳನ್ನು ಸೋಸಿದಾಗ ನನಗೆ ಉಳಿದದ್ದು ಇಷ್ಟು. ಸಿಟ್ಟಿನ ಬೆಂಕಿ ಉರಿಯುತ್ತಿರುವಾಗ ಬುದ್ಧಿವಾದ ತಲೆಗೆ ಹತ್ತುವುದಿಲ್ಲ. ಹೊಡೆಯುವ ಕೈಯನ್ನು ತಡೆಯಬೇಕು, ನೀರು ಕುಡಿಸಬೇಕು, ಕಾಯಬೇಕು. ತಣ್ಣಗಾದ ಮೇಲೆ ಎಲ್ಲರ ಮುಂದಲ್ಲ, ಪಕ್ಕಕ್ಕೆ ಕರೆದು ಕೇಳಬೇಕು. "ಯಾಕೆ ಹೀಗೆ ಮಾಡಿದೆ?" ಎಂದರೆ ಮಗು ತಪ್ಪೊಪ್ಪಿಗೆಯನ್ನೋ ಸುಳ್ಳನ್ನೋ ಹುಡುಕುತ್ತದೆ, "ಏನಾಯಿತು?" ಎಂದರೆ ಕಥೆ ಹೇಳುತ್ತದೆ. ಬಲವಂತದ ಕ್ಷಮೆಗಿಂತ ಹರಿದ ಪುಸ್ತಕಕ್ಕೆ ತಾನೇ ಅಂಟು ಹಚ್ಚುವ ಕೆಲಸ ಮೇಲು. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾನೂನಿನ 17ನೆಯ ಕಲಮು ನಿಷೇಧಿಸಿದೆ. ನಾನು ಆ ರಾಯಚೂರಿನ ಹುಡುಗನನ್ನು ಮೂರು ದಿನ ನಿಲ್ಲಿಸಿದ್ದು ಕೂಡ ಹಿಂಸೆಯೇ ಎಂದು ಈಗ ಒಪ್ಪುತ್ತೇನೆ. ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ಮಗು ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟರೆ, ಓದು ಬರಹದಲ್ಲಿ ವಿಚಿತ್ರ ತೊಡಕು ಕಂಡರೆ, ಮಕ್ಕಳ ವೈದ್ಯರನ್ನು ಕಾಣಲು ಸಂಕೋಚಪಡಬಾರದು.

ಹೊರನಾಡಿನ ನಮಗೆ ಇನ್ನೊಂದು ಕರ್ತವ್ಯವಿದೆ. ನಮ್ಮ ಮಕ್ಕಳು ಇಂಗ್ಲಿಷು, ಹಿಂದಿ, ಮರಾಠಿಗಳಲ್ಲಿ ಲೆಕ್ಕ, ವಿಜ್ಞಾನಗಳನ್ನು ಕಲಿಯುತ್ತಾರೆ. ಆದರೆ ಎದೆಯೊಳಗಿನ ಸಂಕಟಕ್ಕೆ ಹೆಸರಿಡುವ ಮಾತು ಅವರಿಗೆ ಮೊದಲು ಸಿಗುವುದು ಮನೆಯ ಮಾತಿನಲ್ಲಿ. ಸಿಟ್ಟು ಬೇರೆ, ಮುನಿಸು ಬೇರೆ, ಹೊಟ್ಟೆಕಿಚ್ಚು ಬೇರೆ, ಬೇಸರ ಬೇರೆ, ಅವಮಾನ ಬೇರೆ, ಅಂಜಿಕೆ ಬೇರೆ. ಈ ಹೆಸರುಗಳನ್ನು ಬಲ್ಲ ಮಗು ಅಷ್ಟರ ಮಟ್ಟಿಗೆ ಕೈಯ ಬದಲು ಬಾಯಿಯನ್ನು ಬಳಸಬಲ್ಲದು. ಕನ್ನಡ ಉಳಿಸಬೇಕೆಂದು ಸಭೆಗಳಲ್ಲಿ ನಾವು ಹೇಳುವ ಕಾರಣಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳೋಣ. ಶಾಲೆಯಿಂದ ಬಂದ ಮಗುವಿಗೆ "ಎಷ್ಟು ಮಾರ್ಕು ಬಂತು?" ಎನ್ನುವ ಮೊದಲು "ಇವತ್ತು ಏನೇನಾಯಿತು ಮಗಾ?" ಎಂದು ಕನ್ನಡದಲ್ಲಿ ಕೇಳುವ ಮನೆಯೇ ಆ ಮಗುವಿನ ತೊಮೋಯೆ.

ಆ ತಾಯಿ ಮುಂದಿನ ವಾರ ಬಂದಾಗ 'ತೊತ್ತೋಚಾನ್' ಕೊಟ್ಟು, ನನಗೆ ತೋಚಿದ ಈ ನಾಲ್ಕು ಮಾತನ್ನೂ ಹೇಳಿದೆ. ಹದಿನೈದು ದಿನ ಬಿಟ್ಟು ಪುಸ್ತಕ ಮರಳಿಸಲು ಬಂದರು. "ರಾತ್ರಿ ಮಲಗೂ ಮುಂದ ಕೇಳಿದ್ನಿರಿ ಸರ. ಮೊದಲ ಎರಡು ದಿನ ಏನೂ ಅನ್ಲಿಲ್ಲ. ಮೂರನೇ ದಿನ ಹೇಳಿದ. ಹಿಂದಿ ಪಾಠ ಗಟ್ಟ್ಯಾಗಿ ಓದಸ್ತಾರಂತ. ಇವಂಗ ಹುಡುಗ ಯಾವುದು, ಹುಡುಗಿ ಯಾವುದು ಅಂತ 'ಕಾ', 'ಕೀ' ತಪ್ಪತಾವ. ಎಲ್ಲಾರೂ ನಗತಾರಂತ. ಆ ತಾಸಿನ್ಯಾಗ ಪುಸ್ತಕ ಹರೀತಾನ್ರಿ" ಎಂದರು. ಟೀಚರನ್ನು ಕಂಡು ಈ ಮಾತು ತಿಳಿಸಬೇಕೆಂದಿದ್ದಾರೆ. ಹುಡುಗನ ಸಿಟ್ಟು ಇನ್ನೂ ಹೋಗಿಲ್ಲವಂತೆ. ಹೋಗಲು ದಿನ ಹಿಡಿಯುತ್ತದೆ. ಆದರೆ ಅದು ಯಾವ ಪಾಠದ ಹೊತ್ತಿನಲ್ಲಿ ಬರುತ್ತದೆಂಬುದಾದರೂ ಈಗ ತಿಳಿದಿದೆ.

ಪುಸ್ತಕ ಮತ್ತೆ ಕಪಾಟಿನಲ್ಲಿದೆ. ಬೇಕಾದವರು ಭಾನುವಾರ ಬಂದು ಒಯ್ಯಬಹುದು.